ಇನ್ನು ಮೂರು ತಿಂಗಳಲ್ಲಿ ಕನ್ನಡ

ಗುಂಡುಸೂಜಿಯ ಮೊನೆಯಿಂದ ಗುರುಶಾಂತಮ್ಮ ಟೈಪ್‌ರೈಟರಿನ ಅಕ್ಷರಗಳ ಹೊಟ್ಟೆಯೊಳಗೆ ಕೂತಿದ್ದ ಮಸಿಯನ್ನು ಕೆದಕುತ್ತಿದ್ದಳು. ಇಂಗ್ಲಿಷಿನ ‘ಓ’ ಮುಗಿದಿತ್ತು, ‘ಇ’ ಅರ್ಧಕ್ಕೆ ಬಂದಿತ್ತು. ಪಕ್ಕದಲ್ಲಿ ಸೀಮೆಎಣ್ಣೆ ಬಟ್ಟಲು, ಹಲ್ಲುಜ್ಜಿ ಹಳೆಯದಾದ ಒಂದು ಬ್ರಷ್ಷು, ಗಂಡನ ಹರಿದ ಬನಿಯನ್ನಿನ ತುಂಡು. ಎದುರಿನ ರಂಗಯ್ಯನ ಹಿಟ್ಟಿನ ಮಿಲ್ಲಿನಲ್ಲಿ ಬೆಲ್ಟು ಪಟಪಟನೆ ಬಡಿದುಕೊಂಡು ತಿರುಗತೊಡಗಿತು. ತಲೆಯ ಮೇಲಿನ ಬಲ್ಬು ಕೆಂಪಗಾಯಿತು. ಅವಳು ಸೂಜಿ ಹಿಡಿದ ಕೈ ತಡೆದು, ಪಡಸಾಲೆಯ ಕಡೆ ಕಿವಿಗೊಟ್ಟು ಕಾದಳು.

“ಹೋಯ್ತು! ಮತ್ತೆ ಹೋಯ್ತು!” ಗಂಡ ಬೆನಕಪ್ಪನ ಕೂಗು ಬಂತು. “ಒಂಬತ್ತು ನಿಮಿಷ ಆಗಿತ್ತು ಕಣೇ! ಇನ್ನೊಂದು ನಿಮಿಷ ಬಿಟ್ಟಿದ್ರೆ ಬಂದ್ಬಿಡ್ತಿತ್ತು!”

“ಬರೋದು ಬಿಡೋದು ಆಮೇಲೆ. ಟೀವಿ ಬಿಡು, ಧಾರಾವಾಹಿ ಟೈಮಾಯ್ತು,” ಎಂದಳು ಅವನ ತಾಯಿ ಈಶ್ವರಮ್ಮ. ಸ್ನಾನ ಮಾಡಿ, ವಿಭೂತಿ ಧರಿಸಿ, ಟೀವಿಯ ಮುಂದೆ ಚಾಪೆ ಹಾಸಿಕೊಂಡು ಕೂತು ಅರ್ಧ ಗಂಟೆಯಾಗಿತ್ತು ಆಕೆಗೆ. “ಈ ಟೀವಿ ಬಂದಿದ್ದು ಮನೆಯೋರಿಗೋ, ಆ ಕಪ್ಪು ಡಬ್ಬಕ್ಕೋ?”

“ಅವ್ವ, ಸುಮ್ನಿರು. ಗುರುಶಾಂತೀ, ಹೋಗಿ ರಂಗಯ್ಯನಿಗೆ ಹೇಳೇ, ಒಂದು ಕಾಲು ಗಂಟೆ ನಿಲ್ಸು ಅಂತ.”

“ನಿನ್ನೇನೂ ನಾನೇ ಹೇಳಿದ್ದೆ. ಮೆಣಸಿನಕಾಯಿ ಪುಟ್ಟಿ ಇಟ್ಕೊಂಡು ಹನ್ನೆರಡು ಜನ ಹೆಂಗಸ್ರು ನಿಂತಿದ್ರು. ಎಲ್ಲರೂ ನನ್ನ ಮುಖ ನೋಡ್ತಿದ್ರು. ಇವತ್ತು ನೀವೇ ಹೋಗಿ.”

ಬೆನಕಪ್ಪ ಹೋಗಲಿಲ್ಲ. ಅವಳು ಮತ್ತೆ ‘ಇ’ಗೆ ಸೂಜಿ ಹಾಕಿದಳು.

ಅಜ್ಜಂಪುರದ ಆ ಮನೆಯ ಬೀದಿ ಬದಿಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಟೈಪಿಂಗ್ ಇನ್‌ಸ್ಟಿಟ್ಯೂಟು ನಡೆಯುತ್ತಿತ್ತು. ಹೊರಗಿನ ಬೋರ್ಡಿನಲ್ಲಿ ಬೆನಕಪ್ಪನ ಹೆಸರಿತ್ತು. ಅವನು ಸೊಸೈಟಿಯಲ್ಲಿ ಗುಮಾಸ್ತ, ಟೈಪಿಂಗ್ ಬರುತ್ತಿರಲಿಲ್ಲ. ಕಲಿಸುತ್ತಿದ್ದವಳು ಗುರುಶಾಂತಮ್ಮ. ಕನ್ನಡ ಸೀನಿಯರ್, ಇಂಗ್ಲಿಷ್ ಸೀನಿಯರ್ ಎರಡನ್ನೂ ಮದುವೆಗೆ ಮುಂಚೆಯೇ ಪಾಸು ಮಾಡಿದ್ದಳು. ಬೆಳಿಗ್ಗೆ ಆರರಿಂದ ಏಳು, ಸಂಜೆ ಐದರಿಂದ ಏಳು ಅವಳ ಕ್ಲಾಸು. ನಡುವೆ ಅಡಿಗೆ, ಬಟ್ಟೆ, ಎರಡು ಎಮ್ಮೆ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವುದು.

ಒಟ್ಟು ಐದು ಮಿಷಿನ್ನಿದ್ದವು. ನಾಲ್ಕು ಇಂಗ್ಲಿಷು, ಒಂದು ಕನ್ನಡ. ದೀಪಾವಳಿಗೆ ಮುಂಚೆ ಕಡೂರಿನಿಂದ ಕಂಪ್ಯೂಟರ್ ಕಂಪನಿಯ ಏಜೆಂಟು ಬಂದು ಬಣ್ಣದ ಕಾಗದ ಹರವಿದ. ಅದರಲ್ಲೊಂದು ಟೀವಿಯ ಚಿತ್ರ, ಟೀವಿಯೊಳಗೆ ಕನ್ನಡದಲ್ಲಿ ‘ಸುಸ್ವಾಗತ’.

“ಪ್ರಗತಿ ಅರವತ್ತನಾಲ್ಕು ಅಂತ ಸರ್. ಇದು ಬಂದ್ಮೇಲೆ ಟೈಪ್‌ರೈಟರ್ ಎಲ್ಲಾ ಗುಜರಿಗೇಯ. ಬೀರೂರಲ್ಲೂ ಇನ್ನೂ ಯಾರೂ ತಗೊಂಡಿಲ್ಲ. ನೀವೇ ಫಸ್ಟು.”

“ಇದ್ರಲ್ಲಿ ಕನ್ನಡ ಇದೆಯಾ?” ಎಂದು ಕೇಳಿದ್ದಳು ಬಾಗಿಲಲ್ಲಿ ನಿಂತಿದ್ದ ಗುರುಶಾಂತಮ್ಮ.

“ಇನ್ನು ಮೂರು ತಿಂಗಳಲ್ಲಿ ಕನ್ನಡದ ಕಾರ್ಟ್ರಿಜ್ ಬರುತ್ತೆ ಮೇಡಂ. ಹಿಂದ್ಗಡೆ ಈ ಬಾಯಿ ಇದೆ ನೋಡಿ, ಇದಕ್ಕೆ ಸಿಕ್ಕಿಸಿದ್ರೆ ಆಯ್ತು. ಪ್ರಿಂಟರೂ ಬರುತ್ತೆ.”

‘ನೀವೇ ಫಸ್ಟು’ ಎಂಬ ಮಾತು ಬೆನಕಪ್ಪನ ಎದೆಯಲ್ಲಿ ಉಳಿಯಿತು. ಗುರುಶಾಂತಮ್ಮ ತನ್ನ ತವರೂರು ಶಿವನಿ ಹಳ್ಳಿಗೆ ಚಿಕ್ಕಪ್ಪನ ಮಗಳ ಮದುವೆಗೆಂದು ನಾಲ್ಕು ದಿನ ಹೋಗಿ ಬರುವಷ್ಟರಲ್ಲಿ ಕೋಣೆಯ ಎರಡು ಮೇಜು ಖಾಲಿಯಾಗಿದ್ದವು. ಒಂದು ಇಂಗ್ಲಿಷ್ ಮಿಷಿನ್ನು ಕಂಪ್ಯೂಟರಿನ ಲೆಕ್ಕಕ್ಕೆ ಏಜೆಂಟನ ಪಾಲಾಗಿತ್ತು. ಕನ್ನಡ ಮಿಷಿನ್ನನ್ನು ತರೀಕೆರೆ ಕೋರ್ಟಿನ ಮುಂದೆ ಅರ್ಜಿ ಹೊಡೆಯುವ ಮುನಿಯಪ್ಪನಿಗೆ ಬೆನಕಪ್ಪ ಮಾರಿದ್ದ. ಮೇಜಿನ ಧೂಳಿನಲ್ಲಿ ನಾಲ್ಕು ರಬ್ಬರು ಕಾಲಿನ ಗುರುತು ದುಂಡಗೆ ಉಳಿದಿತ್ತು. ಅವಳು ಅದನ್ನು ಒಂದು ವಾರ ಒರೆಸದೆ ಬಿಟ್ಟಿದ್ದಳು.

ಮನೆಗೆ ಬಂದದ್ದು ಹಾರ್ಮೋನಿಯಂ ಮರಿಯಂಥ ಒಂದು ಕಪ್ಪು ಪೆಟ್ಟಿಗೆ, ಮೇಲೆ ರಬ್ಬರಿನ ಗುಂಡಿಗಳು. ಅಕ್ಷರ ಕಾಣಬೇಕಾದರೆ ಟೀವಿ ಬೇಕು. ಪಾಠ ತುಂಬಬೇಕಾದರೆ ಟೇಪ್‌ರೆಕಾರ್ಡರು ಬೇಕು. ಕ್ಯಾಸೆಟ್ಟು ಹಾಕಿದರೆ ಹತ್ತು ನಿಮಿಷ ಕೀರಲು ಸದ್ದು. ಆ ಹತ್ತು ನಿಮಿಷದಲ್ಲಿ ಕರೆಂಟು ಒಂದು ಸಲ ಜಗ್ಗಿದರೂ ಮೊದಲಿಂದ ಶುರು. ಮೂರು ತಿಂಗಳು ಕಳೆದು ಶಿವರಾತ್ರಿಯೂ ಮುಗಿದಿತ್ತು. ಹಿಂಬದಿಯ ಬಾಯಿ ಖಾಲಿಯೇ ಇತ್ತು. ಈಶ್ವರಮ್ಮ ಅದಕ್ಕೆ ಇರುವೆ ಹೋದೀತೆಂದು ಹತ್ತಿ ತುರುಕಿದ್ದಳು.

ಸೋಮವಾರ ಸಂಜೆ ಉಚ್ಚಂಗಮ್ಮ ಪರೀಕ್ಷೆಯ ಫಾರಂ ಹಿಡಿದು ಬಂದಳು. ಪುಟ್ಟಯ್ಯನ ಮಗಳು, ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಹೊಲದ ಕೆಲಸ ಮಾಡಿ, ಕಳೆದ ಬೇಸಿಗೆಯಿಂದ ಟೈಪಿಂಗ್ ಕಲಿಯುತ್ತಿದ್ದಳು. ಕನ್ನಡದಲ್ಲಿ ಅವಳಷ್ಟು ಬೇಗ ಬೆರಳು ಕೂತವರನ್ನು ಗುರುಶಾಂತಮ್ಮ ನೋಡಿರಲಿಲ್ಲ.

“ಮೇಡಮ್ಮಾ, ಯುಗಾದಿ ಕಳೆದು ಎರಡನೇ ಭಾನುವಾರ ಅಂತೆ, ಕಡೂರಲ್ಲಿ. ಮಿಷಿನ್ ನಾವೇ ತಗೊಂಡೋಗ್ಬೇಕಂತೆ.”

“ಯಾವಾಗ್ಲೂ ಹಂಗೇ ಕಣೇ.”

“ಮತ್ತೆ... ಯಾವ ಮಿಷಿನ್ನು?”

ಗುರುಶಾಂತಮ್ಮ ಖಾಲಿ ಮೇಜಿನ ಕಡೆ ನೋಡಿದಳು. ಕನ್ನಡ ಮಿಷಿನ್ನು ಹೋದ ಮೇಲೆ ರಟ್ಟಿನ ಮೇಲೆ ಕನ್ನಡ ಕೀಲಿಮಣೆ ಬರೆದು ಕೊಟ್ಟಿದ್ದಳು. ಹುಡುಗಿ ನಾಲ್ಕು ತಿಂಗಳಿಂದ ರಟ್ಟಿನ ಮೇಲೆ ಬೆರಳು ಓಡಿಸುತ್ತಿದ್ದಳು. ಒತ್ತಕ್ಷರ ಬಂದಾಗ ರಟ್ಟು ಸದ್ದು ಮಾಡುವುದಿಲ್ಲ. ಸರಿಯೋ ತಪ್ಪೋ ಯಾರಿಗೂ ಗೊತ್ತಾಗುವುದಿಲ್ಲ.

“ಸರ್ಕಾರದೋರು ಟೈಪಿಸ್ಟ್ ಕೆಲಸಕ್ಕೆ ಕರ್ದವ್ರೆ. ಈ ಪರೀಕ್ಷೆ ಆಗಿದ್ರೆ ಅರ್ಜಿ ಹಾಕ್ಬೋದಂತೆ. ಇದು ತಪ್ಪಿದ್ರೆ ನಮ್ಮಪ್ಪ ಮಾವನ ಮಗನಿಗೆ ಹೂಂ ಅಂತಾನೆ. ಅವನು ಲಾರಿ ಕ್ಲೀನರು.” ಉಚ್ಚಂಗಮ್ಮ ಫಾರಂ ಮಡಿಸಿ ಬಿಚ್ಚಿ ಮಾಡಿದಳು. “ಲಾರಿನೂ ಕ್ಲೀನಾಗಿರಲ್ಲ ಮೇಡಮ್ಮ.”

ಇಬ್ಬರೂ ನಕ್ಕರು. ನಗು ಬೇಗ ನಿಂತಿತು. ತಾನೇ ಕಳಿಸುತ್ತೇನೆಂದು ಗುರುಶಾಂತಮ್ಮ ಫಾರಂ ತೆಗೆದಿಟ್ಟುಕೊಂಡಳು.

ಅವತ್ತು ಊಟಕ್ಕೆ ಮುದ್ದೆ, ಹುರುಳಿಕಟ್ಟಿನ ಸಾರು. ಗುರುಶಾಂತಮ್ಮ ಬಡಿಸುತ್ತಲೇ ಕೇಳಿದಳು: “ರೀ, ಆ ಕನ್ನಡದ್ದು ಯಾವಾಗ ಬರುತ್ತೆ ಅಂತ ಕೇಳಿದ್ರಾ?”

“ಬರುತ್ತೆ. ಕಾಗದ ಬರ್ದಿದೀನಿ.”

“ಉಚ್ಚಂಗಮ್ಮನ ಪರೀಕ್ಷೆ ಇದೆ.”

“ಅವಳ್ಗೆ ಹೇಳು, ಇನ್ನು ಮುಂದೆ ಪರೀಕ್ಷೆನೆಲ್ಲಾ ಕಂಪ್ಯೂಟರಲ್ಲೇ ಮಾಡ್ತಾರೆ ಅಂತ.”

“ಅಪ್ಪಾಜಿ, ಅದ್ರಲ್ಲಿ ಬರ್ದಿದ್ದು ಕಾಗದಕ್ಕೇ ಬರಲ್ಲ,” ಎಂದಳು ಮಗಳು ದಾಕ್ಷಾಯಿಣಿ. ತರೀಕೆರೆಗೆ ದಿನಾ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. “ಪ್ರಿಂಟರ್ ಸಿಕ್ಕಿಸೋಕೆ ಇನ್ನೊಂದು ಡಬ್ಬ ಬೇಕು. ಆ ಡಬ್ಬ ಇನ್ನೂ ಮಾಡೇ ಇಲ್ಲ ಕಂಪನಿಯವ್ರು.”

“ಮಾಡ್ತಾರೆ.”

“ಸಾಲಿಗೆ ಮೂವತ್ತೆರಡೇ ಅಕ್ಷರ. ‘ತರೀಕೆರೆ ತಾಲ್ಲೂಕು ತಹಸೀಲ್ದಾರರ ಸನ್ನಿಧಾನಕ್ಕೆ’ ಅಂತ ಇಂಗ್ಲಿಷಲ್ಲಿ ಹೊಡೆದ್ರೆ ತಹಸೀಲ್ದಾರರು ಒಂದು ಸಾಲಲ್ಲಿ, ಸನ್ನಿಧಾನ ಇನ್ನೊಂದು ಸಾಲಲ್ಲಿ.”

“ಅಪ್ಪ ತಂದ ಸಾಮಾನು ಅಂದ್ರೆ ನಿಮಗೆಲ್ಲ ತಾತ್ಸಾರ,” ಎಂದು ಬೆನಕಪ್ಪ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಮುಂದೆ ತಳ್ಳಿದ. “ಊರೆಲ್ಲಾ ಬಂದು ನೋಡ್ಕೊಂಡು ಹೋಗ್ತೈತೆ. ಮನೆಯೋರಿಗೆ ಬೆಲೆ ಇಲ್ಲ.”

“ಊರು ಬಂದು ನೋಡಿ, ಕಾಫಿ ಕುಡ್ಕೊಂಡು ಹೋಗ್ತೈತೆ,” ಎಂದಳು ಈಶ್ವರಮ್ಮ. “ಆ ಲೋಟ ತೊಳ್ಯೋರು ಯಾರು?”

ಅಪ್ಪನ ಎದುರು ಹಾಗೆ ಮಾತಾಡಿದರೂ ಆ ಪೆಟ್ಟಿಗೆಯನ್ನು ಮನೆಯಲ್ಲಿ ನಿಜವಾಗಿ ಪ್ರೀತಿಸಿದವಳು ದಾಕ್ಷಾಯಿಣಿಯೇ. ಜೊತೆಗೆ ಬಂದಿದ್ದ ಪುಸ್ತಕವನ್ನು ಮೂರು ಸಲ ಓದಿದ್ದಳು. ಕಾಲೇಜಿನಿಂದ ಬಂದು, ರಂಗಯ್ಯ ಮಿಲ್ಲು ನಿಲ್ಲಿಸಿ ಚಹಾಕ್ಕೆ ಹೋಗುವ ಹೊತ್ತನ್ನು ಕಾದು, ನಾಲ್ಕು ದಿನ ಕೂತು ಅದೇನೋ ಸಾಲು ಸಾಲು ಬರೆದಳು; ಕರೆಂಟು ಜಗ್ಗಿ ಅಳಿಸಿ ಹೋದದ್ದನ್ನು ಮರುದಿನ ಮತ್ತೆ ಬರೆದಳು. ಐದನೆಯ ದಿನ ಎಲ್ಲರನ್ನೂ ಕರೆದಳು.

“ಅವ್ವ ಬಾ, ಅಜ್ಜಿ ನೀನೂ ಬಾ. ನೋಡ್ರಿ ಈಗ.”

ಟೀವಿಯ ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳು ಒಂದೊಂದಾಗಿ ಕೂತವು. ರಂಗೋಲಿಯ ಹದಿನೈದು ಚುಕ್ಕಿ, ಎಂಟರ ತನಕ ಸಂದುಚುಕ್ಕಿ. ಆಮೇಲೆ ತಾನಾಗಿ ಒಂದು ಗೆರೆ ಎದ್ದು ಚುಕ್ಕಿಯಿಂದ ಚುಕ್ಕಿಗೆ ನಡೆದು ಹೋಯಿತು. ಕೈ ಇಲ್ಲ, ಹಿಟ್ಟಿಲ್ಲ. ಒಂದು ಮೂಲೆ ತುಂಬಿತು, ಎರಡನೆಯ ಮೂಲೆ ತುಂಬಿತು. ಗುರುಶಾಂತಮ್ಮ ಒದ್ದೆ ಕೈಯನ್ನು ಸೆರಗಿನಲ್ಲಿ ಹಿಡಿದು ನಿಂತಲ್ಲೇ ನಿಂತಳು. ಮಗಳ ಮುಖದ ಮೇಲೆ ಟೀವಿಯ ಬೆಳಕು ಆಡುತ್ತಿತ್ತು. ಇದರಲ್ಲಿ ಏನೋ ಇದೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

“ಅಂಗಳದಲ್ಲಿ ಬಿಡೋಕೆ ನಂಗೆ ಐದು ನಿಮಿಷ,” ಎಂದಳು ಈಶ್ವರಮ್ಮ. ಆದರೂ ಕಣ್ಣು ತೆಗೆಯಲಿಲ್ಲ. “ಆ ಬಲಗಡೆ ಎಸಳು ಸೊಟ್ಟ ಬಂತು ನೋಡೇ.”

“ಸರಿ ಮಾಡ್ತೀನಿ ಅಜ್ಜಿ. ಮೊದ್ಲು ಕ್ಯಾಸೆಟ್ಟಿಗೆ ತುಂಬಿ ಇಟ್ಕೊಳ್ತೀನಿ.”

ತುಂಬಲು ಟೇಪು ತಿರುಗಿಸಿದ್ದಷ್ಟೆ, ರಂಗಯ್ಯ ಚಹಾ ಕುಡಿದು ಬಂದ. ಬಲ್ಬು ಕೆಂಪಗಾಯಿತು. ರಂಗೋಲಿ ಒಂದು ಸಲ ಕುಗ್ಗಿ, ಹಿಗ್ಗಿ, ಮಾಯವಾಯಿತು. ದಾಕ್ಷಾಯಿಣಿ ಮೊದಲು ನಕ್ಕಳು. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಎಮ್ಮೆಯ ಪಕ್ಕ ನಿಂತಳು. ತಾಯಿ ಹಿಂದೆಯೇ ಹೋದಳು.

“ಮತ್ತೆ ಬರಿ ಮಗಾ. ನಿಂಗೆ ಬರುತ್ತಲ್ಲ.”

“ನಂಗೆ ಬರುತ್ತೆ ಅವ್ವ. ಅದಕ್ಕೇ ಸಿಟ್ಟು ಬರೋದು. ಮಿಷಿನ್ ಕೆಟ್ಟದ್ದಲ್ಲ. ಇದನ್ನ ಮಾಡಿದೋರು ಮಾಡಿ ಬಿಸಾಕ್ಬಿಟ್ಟವ್ರೆ. ಇಂಥ ಊರಲ್ಲಿ ಹೆಂಗೆ ನಡೀಬೇಕು, ಯಾರು ಹೇಳ್ಕೊಡ್ಬೇಕು, ಯಾವುದೂ ಅವ್ರಿಗೆ ಬೇಕಾಗಿಲ್ಲ. ಕಾಗದ ಬರ್ದ್ರೆ ಉತ್ತರ ಇಲ್ಲ.”

ಯುಗಾದಿಗೆ ಎರಡು ವಾರವಿರುವಾಗ ಬೆನಕಪ್ಪ ಸಂಜೆಯ ಬ್ಯಾಚಿನ ಆರು ಜನಕ್ಕೂ ಕಂಪ್ಯೂಟರ್ ಕ್ಲಾಸು ಎಂದು ಘೋಷಿಸಿದ. ಕಂಪ್ಯೂಟರು ಟೀವಿಯ ಜೊತೆ ಪಡಸಾಲೆಯಲ್ಲಿತ್ತು. ಹಾಗಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ವಿದ್ಯಾರ್ಥಿಗಳು ಬೀದಿಯ ಕೋಣೆ ದಾಟಿ ಮನೆಯೊಳಗೆ ಬಂದರು. ಈಶ್ವರಮ್ಮ ದೇವರ ಕೋಣೆಯ ಬಾಗಿಲೆಳೆದುಕೊಂಡು ಹೊಸ್ತಿಲ ಮೇಲೆ ಕೂತಳು. ಯಾರು ಎಲ್ಲಿ ಕೂತರು ಎಂಬುದನ್ನೆಲ್ಲ ನೋಡುತ್ತಿದ್ದಳು.

ತೊಂದರೆ ಶುರುವಾದದ್ದು ಬೆರಳಿನಿಂದ. ಟೈಪ್‌ರೈಟರಿನ ಮೇಲೆ ಪಳಗಿದ ಬೆರಳುಗಳು ರಬ್ಬರಿನ ಗುಂಡಿಗಳನ್ನು ಸುತ್ತಿಗೆಯ ಹಾಗೆ ಹೊಡೆದವು. ಒಂದು ಅಕ್ಷರ ಹೊಡೆದರೆ ಮೂರು ಬಂದವು. ನಾಲ್ಕನೆಯವಳಾಗಿ ಉಚ್ಚಂಗಮ್ಮ ಕೂತಳು. ಬೆನ್ನು ನೇರ, ಮೊಣಕೈ ಒಳಕ್ಕೆ, ಕಣ್ಣು ಪುಸ್ತಕದ ಮೇಲೆ. ಗುರುಶಾಂತಮ್ಮ ಕಲಿಸಿದ ಹಾಗೆಯೇ. ಕೀಗಳನ್ನು ನೋಡದೆ ಒಂದು ಸಾಲು ಹೊಡೆದಳು. ಸಾಲು ಮುಗಿಯಿತು. ಮುಗಿದ ತಕ್ಷಣ ಅವಳ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಉರುಳೆಯನ್ನು ಹಿಂದಕ್ಕೆ ತಳ್ಳುವ ಲಿವರನ್ನು ಹುಡುಕಿ, ಬಲಕ್ಕೆ ಬೀಸಿತು. ಲಿವರು ಇರಬೇಕಾದ ಜಾಗದಲ್ಲಿ ಟೇಪ್‌ರೆಕಾರ್ಡರಿತ್ತು.

ಅದು ಮೇಜಿನಿಂದ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಕ್ಯಾಸೆಟ್ಟಿನ ಬಾಗಿಲು ಕಿತ್ತು ಈಶ್ವರಮ್ಮನ ಕಾಲ ಬಳಿ ಹೋಗಿ ನಿಂತಿತು.

ಉಚ್ಚಂಗಮ್ಮ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಳು.

“ಕಣ್ಣು ಕಾಣಲ್ವೇನಮ್ಮಾ?” ಬೆನಕಪ್ಪ ಕಿರುಚಿದ. “ಏನ್ ಸಾಮಾನು ಅಂತ ಗೊತ್ತಾ ಇದು?”

“ಯಾರ್ಯಾರನ್ನೋ ಪಡಸಾಲೆಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ,” ಎಂದಳು ಈಶ್ವರಮ್ಮ, ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು.

“ಅತ್ತೆ!” ಎಂದಳು ಗುರುಶಾಂತಮ್ಮ. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಕಡಿಮೆ. “ಅವಳ ಕೈಗೆ ಕಲಿಸಿದೋಳು ನಾನು. ಹತ್ತು ತಿಂಗಳು ದಿನಾ ನೂರು ಸಲ ‘ಸಾಲು ಮುಗೀತು, ತಳ್ಳು’ ಅಂತ ಹೇಳಿದೋಳು ನಾನು. ಬೈಯೋದಿದ್ರೆ ನನ್ನ ಬೈರಿ.”

“ನಿನ್ನನ್ನೂ ಬೈಬೇಕು,” ಎಂದ ಬೆನಕಪ್ಪ. “ಹಳೇ ಚಾಳಿ ಬಿಡಿಸ್ದೆ ಹೊಸಾದರ ಮುಂದೆ ಕೂರಿಸ್ತೀಯಾ?”

“ಟೇಪ್‌ರೆಕಾರ್ಡರ್ ಅಲ್ಲಿಟ್ಟೋರು ಯಾರು?”

“ವೈರು ಅಷ್ಟೇ ಉದ್ದ ಇರೋದು! ಕಂಪನಿಯವ್ರು ಕೊಟ್ಟಿದ್ದು ಅಷ್ಟೇ!”

ಉಚ್ಚಂಗಮ್ಮ ಎದ್ದು ಹೊರಟಳು. ಚಪ್ಪಲಿ ಮೆಟ್ಟುವಾಗ ಗುರುಶಾಂತಮ್ಮ ಬೀದಿಯ ಬಾಗಿಲ ತನಕ ಹೋದಳು.

“ರಿಪೇರಿದು ನಮ್ಮಪ್ಪ ಕೊಡ್ತಾನೆ ಮೇಡಮ್ಮ. ಫಾರಂ ವಾಪಸ್ ಕೊಡಿ. ಪರೀಕ್ಷೆ ಬ್ಯಾಡ.”

“ಫಾರಂ ಮೊನ್ನೆನೇ ಕಳಿಸಿದೀನಿ,” ಎಂದಳು ಗುರುಶಾಂತಮ್ಮ. ಅದು ಸುಳ್ಳು. ಮಾರನೆಯ ದಿನ ಬೆಳಿಗ್ಗೆ ಹಾಲು ಹಾಕಿ ಬರುವಾಗ ಅಂಚೆ ಕಚೇರಿಗೆ ಹೋಗಿ ಕಳಿಸಿದಳು.

ಆ ಬುಧವಾರ, ಮಗಳ ಕಾಲೇಜಿನ ಫೀಸಿನ ರಸೀತಿ ವಿಚಾರಿಸಬೇಕೆಂದು ಮನೆಯಲ್ಲಿ ಹೇಳಿ ಗುರುಶಾಂತಮ್ಮ ದಾಕ್ಷಾಯಿಣಿಯ ಜೊತೆ ತರೀಕೆರೆ ಬಸ್ಸು ಹತ್ತಿದಳು. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ತಗಡಿನ ಮಾಡು, ಅದರಡಿ ಮುನಿಯಪ್ಪ. ಅರವತ್ತು ದಾಟಿದ ಮನುಷ್ಯ. ಅವನ ಮುಂದೆ ಅವಳ ಮಿಷಿನ್ನಿತ್ತು. ಎಡಗಡೆಯ ಬಣ್ಣ ಕಿತ್ತ ಜಾಗ, ಬದಲಾಯಿಸಿ ಹಾಕಿದ್ದ ‘ಳ’ ಕೀ, ಎಲ್ಲ ಹಾಗೇ ಇದ್ದವು. ಅವನು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಒಂದೊಂದೇ ಅಕ್ಷರ ಹೊಡೆಯುತ್ತಿದ್ದ.

“ಯಾರು?” ಎಂದ.

“ಅಜ್ಜಂಪುರದೋಳು. ಈ ಮಿಷಿನ್ನು ನಮ್ಮನೇದಾಗಿತ್ತು.”

“ಓ, ಅಮ್ಮಾರು! ಕೂತ್ಕೊಳಿ. ನಿಮ್ಮೋರು ಕಂಪ್ಯೂಟರ್ ತಂದ್ರಂತೆ. ನಾನು ಅಂದ್ಕೊಂಡೆ, ಇನ್ನೇನು ನನ್ನ ಅನ್ನಕ್ಕೂ ಬಂತು ಕುತ್ತು ಅಂತ. ಇನ್ನೂ ಬಂದಿಲ್ಲ ನೋಡಿ.”

“ಬರಲ್ಲ ಬಿಡಿ. ಅದಕ್ಕೆ ಇನ್ನೂ ಕನ್ನಡವೇ ಬಂದಿಲ್ಲ.”

ಅವಳು ಬಂದ ಕಾರಣ ಹೇಳಿದಳು. ಮುನಿಯಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. ಕಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು.

“ಪುಟ್ಟಯ್ಯನ ಮಗಳಾ? ನಮ್ಮ ಪೈಕಿಯೋಳೇ. ದಿನಾ ಸಂಜೆ ಕೋರ್ಟು ಎದ್ದ ಮೇಲೆ ಬಂದು ಹೊಡೀಲಿ. ಕಡೇ ಬಸ್ಸಿಗೆ ಹೋಗ್ಲಿ. ಪರೀಕ್ಷೆ ದಿನ ಭಾನುವಾರ ತಾನೆ? ಎತ್ಕೊಂಡು ಹೋಗಿ.” ಆಮೇಲೆ ಕಾಗದವನ್ನು ಅವಳ ಕಡೆ ತಿರುಗಿಸಿದ. “ಈ ಸಾಲು ನೆಟ್ಟಗಿದೆಯಾ ನೋಡಿ ಅಮ್ಮಾರೆ. ನಂಗೆ ಮೇಲಿಂದು ಕೆಳಗಿಂದು ಒಂದರ ಮೇಲೊಂದು ಕಾಣ್ತದೆ.”

ಸಾಲು ನೆಟ್ಟಗಿರಲಿಲ್ಲ. ಪಕ್ಕದಲ್ಲಿ ಒಬ್ಬಳು ಮುದುಕಿ ಖಾತೆ ಬದಲಾವಣೆಯ ಅರ್ಜಿಗೆ ಬೆಳಗಿನಿಂದ ಕಾದು ಕೂತಿದ್ದಳು. ಗುರುಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಹೊಸ ಕಾಗದ ಹಾಕಿ, ಉರುಳೆ ತಿರುಗಿಸಿ, ಏಳು ನಿಮಿಷದಲ್ಲಿ ಅರ್ಜಿ ಹೊಡೆದು ಕೊಟ್ಟಳು. ಪ್ರತಿ ಸಾಲಿನ ಕೊನೆಗೂ ಗಂಟೆ ‘ಟಿಣ್’ ಎಂದಿತು. ಎಡಗೈ ಎದ್ದಿತು, ಲಿವರು ಇದ್ದಲ್ಲೇ ಸಿಕ್ಕಿತು.

ಊರಿಗೆ ವಾಪಸು ಬಂದಾಗ ಜಗಲಿಯ ಮೇಲೆ ಏಜೆಂಟು ಕೂತಿದ್ದ. ಬೆನಕಪ್ಪನ ಕೈಯಲ್ಲಿ ಹೊಸ ಬಣ್ಣದ ಕಾಗದವಿತ್ತು.

“ಟೇಪ್‌ರೆಕಾರ್ಡರ್ ಚಿಂತೆ ಬಿಡಿ ಸರ್. ಕಂಪನಿ ಹೊಸಾ ಮಾಡೆಲ್ ತಂದಿದೆ, ಪ್ರಗತಿ ನೂರಿಪ್ಪತ್ತೆಂಟು. ಇದಕ್ಕೆ ಕ್ಯಾಸೆಟ್ಟೇ ಬೇಡ, ತಟ್ಟೆ ಥರ ಬರುತ್ತೆ, ಫ್ಲಾಪಿ ಅಂತ.”

“ಹಳೇದಕ್ಕೆ ಕನ್ನಡದ್ದು?” ಎಂದಳು ಗುರುಶಾಂತಮ್ಮ, ಚೀಲ ಕೆಳಗಿಡದೆ.

“ಹಳೇದಕ್ಕೆ ಇನ್ನು ಏನೂ ಮಾಡಲ್ಲ ಮೇಡಂ. ಅದನ್ನ ನಿಲ್ಲಿಸಿದಾರೆ.”

“ಬಂದು ಐದು ತಿಂಗಳಾಗಿಲ್ಲ. ಹಳೇದಾಯ್ತಾ?”

“ಕಂಪ್ಯೂಟರ್ ಫೀಲ್ಡಲ್ಲಿ ಹಂಗೇ ಮೇಡಂ, ಫಾಸ್ಟು.”

“ಹಳೇ ಕ್ಯಾಸೆಟ್ಟು ಹೊಸಾದಕ್ಕೆ ಆಗುತ್ತಾ?” ಎಂದು ದಾಕ್ಷಾಯಿಣಿ ಕೇಳಿದಳು.

“ಆಗಲ್ಲಮ್ಮ. ಅದರ ಒಳಗಡೆಯೇ ಬೇರೆ.”

“ಮತ್ತೆ ಅರವತ್ತನಾಲ್ಕರ ಅಣ್ಣ ಅಂತ ಯಾಕೆ ಬರ್ದವ್ರೆ ಇದ್ರಲ್ಲಿ?”

ಏಜೆಂಟು ನಕ್ಕ. “ಹೊಸಾದಕ್ಕೆ ಕನ್ನಡ ಗ್ಯಾರಂಟಿ. ಇನ್ನು ಮೂರು ತಿಂಗಳಲ್ಲಿ.”

ಗುರುಶಾಂತಮ್ಮ ಗಂಡನ ಮುಖ ನೋಡಿದಳು. ಅವನು ಕಾಗದದಿಂದ ತಲೆಯೆತ್ತಲಿಲ್ಲ. ಮೊದಲು ಸೋತದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ಸಲ ನಂಬುವುದು ಅವನಿಗೆ ಸುಲಭವಾಗಿತ್ತು. ಏಜೆಂಟು ಹೋದ ಮೇಲೆ ಹೇಳಿದ: “ಹಳೇದು, ಜೊತೆಗೆ ಆ ಮೂರು ಇಂಗ್ಲಿಷ್ ಮಿಷಿನ್ನು ಕೊಟ್ರೆ ಸಾಕಂತೆ. ಪರೀಕ್ಷೆ ಮುಗಿದ ಮಾರನೇ ದಿನ, ಸೋಮವಾರ ಹತ್ತು ಗಂಟೆಗೆ ವ್ಯಾನ್ ತರ್ತಾನೆ.”

“ಮೂರೂ ಕೊಟ್ರೆ ನಾನು ಏನ್ರೀ ಕಲಿಸ್ಲಿ?”

“ಕಂಪ್ಯೂಟರ್ ಕಲ್ಸು.”

“ನಂಗೆ ಬರಲ್ಲ.”

“ದಾಕ್ಷು ಹೇಳ್ಕೊಡ್ತಾಳೆ.”

“ನಾನು ಹೇಳ್ಕೊಡಲ್ಲ ಅಪ್ಪಾಜಿ,” ಎಂದಳು ದಾಕ್ಷಾಯಿಣಿ. “ಇದನ್ನ ಕಲಿಯೋಷ್ಟರಲ್ಲಿ ಅದನ್ನೂ ನಿಲ್ಲಿಸ್ತಾರೆ.”

“ಬೋರ್ಡಲ್ಲಿ ಯಾರ ಹೆಸರಿದೆ?” ಎಂದು ಬೆನಕಪ್ಪ ಕೇಳಿದ.

ಮುಂದಿನ ಮೂರು ವಾರ ಉಚ್ಚಂಗಮ್ಮ ದಿನಾ ಮಧ್ಯಾಹ್ನದ ಬಸ್ಸಿಗೆ ತರೀಕೆರೆಗೆ ಹೋದಳು. ವಾರಕ್ಕೆರಡು ಸಲ ಗುರುಶಾಂತಮ್ಮ ಸಂಜೆಯ ಬ್ಯಾಚಿಗೆ ರಜೆ ಕೊಟ್ಟು, ಒಂದು ನೆಪ ಹೇಳಿ ಬಂದು ಪಕ್ಕದಲ್ಲಿ ಕೈಗಡಿಯಾರ ಹಿಡಿದು ನಿಂತಳು. ಒಂದು ಸಲ ಹುಣಿಸೆಹಣ್ಣು, ಒಂದು ಸಲ ಅತ್ತೆಯ ಕಾಲು ನೋವಿನ ಎಣ್ಣೆ. ರಟ್ಟಿನ ಮೇಲೆ ಕಲಿತ ತಪ್ಪುಗಳು ಒಂದೊಂದಾಗಿ ಹೊರಬಂದವು. ಒತ್ತಕ್ಷರ ಮೊದಲ ವಾರ ತಪ್ಪಿತು, ಎರಡನೆಯ ವಾರ ತಡವಾಯಿತು, ಮೂರನೆಯ ವಾರ ಸಲೀಸಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ತರೀಕೆರೆಗೆ ಹೋಗಿ, ಮಿಷಿನ್ನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಇಬ್ಬರೂ ತೊಡೆಯ ಮೇಲೆ ಅರ್ಧರ್ಧ ಇಟ್ಟುಕೊಂಡು ಕಡೂರಿನ ಬಸ್ಸಿನಲ್ಲಿ ಕೂತರು. ಮನೆಯಲ್ಲಿ ‘ಹುಡುಗೀರ ಜೊತೆ ಹೋಗ್ಬೇಕು’ ಎಂದಷ್ಟೇ ಗುರುಶಾಂತಮ್ಮ ಹೇಳಿದ್ದಳು; ಪ್ರತಿ ವರ್ಷ ಹೋಗುತ್ತಿದ್ದುದರಿಂದ ಯಾರೂ ಕೇಳಲಿಲ್ಲ. ಕಂಡಕ್ಟರು ಕಂಬಳಿಯ ಗಂಟನ್ನು ನೋಡಿ, “ಮಗು ಮಲಗೈತಾ?” ಎಂದ.

“ಇನ್ನೂ ಎದ್ದಿಲ್ಲ,” ಎಂದಳು ಉಚ್ಚಂಗಮ್ಮ. “ಹನ್ನೊಂದು ಗಂಟೆಗೆ ಏಳ್ತದೆ.”

ಪರೀಕ್ಷೆಯ ಹಾಲಿನ ಹೊರಗೆ ಗೋಡೆಗೊರಗಿ ಗುರುಶಾಂತಮ್ಮ ನಿಂತಳು. ಒಳಗೆ ನಲವತ್ತು ಮಿಷಿನ್ನುಗಳು ಒಮ್ಮೆಗೇ ಮಳೆಯಂತೆ ಸುರಿದವು. ಆ ಗದ್ದಲದಲ್ಲಿ ತನ್ನ ಮಿಷಿನ್ನಿನ ಗಂಟೆ ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು. ಅದು ಸ್ವಲ್ಪ ಒಡಕು. ಎಣಿಸುತ್ತಾ ಹೋದಳು. ಹುಡುಗಿ ಎಲ್ಲೂ ನಿಲ್ಲಲಿಲ್ಲ. ಹೊರಗೆ ಬಂದಾಗ ಉಚ್ಚಂಗಮ್ಮನ ಬೆವರಿದ ಮುಖದಲ್ಲಿ ನಗುವಿತ್ತು.

“ಪೂರ್ತಿ ಆಯ್ತು ಮೇಡಮ್ಮ. ಇನ್ನೆರಡು ಸಾಲು ಹೊಡೆಯೋಷ್ಟು ಹೊತ್ತು ಇದ್ದಾಗ್ಲೇ ಮುಗೀತು.”

ಮಿಷಿನ್ನನ್ನು ಹಿಂದಿರುಗಿಸಲು ತರೀಕೆರೆಗೆ ಬಂದರು. ಮುನಿಯಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕಂಬಳಿ ಬಿಚ್ಚಿ ಮಿಷಿನ್ನಿನ ಮೇಲೆ ಕೈಯಾಡಿಸಿದ.

“ಅಮ್ಮಾರೆ, ಒಂದು ಮಾತು. ಸೋಮವಾರ, ಬುಧವಾರ, ಶುಕ್ರವಾರ ಕೋರ್ಟಲ್ಲಿ ಜನ ಜಾಸ್ತಿ. ನಂಗೆ ಆಗ್ತಿಲ್ಲ. ಹೋದ ವಾರ ಒಬ್ಬರ ಸರ್ವೆ ನಂಬರೇ ತಪ್ಪು ಹೊಡ್ದೆ. ನೀವು ಬಂದು ಕೂತ್ರೆ ಮಿಷಿನ್ನು ನಿಮ್ದೇ ಅಂದ್ಕೊಳಿ. ಬಂದಿದ್ದರಲ್ಲಿ ಅರ್ಧ ನಿಮ್ಗೆ. ಸಂಜೆ ಹುಡುಗ್ರಿಗೆ ಕನ್ನಡ ಕಲಿಸೋಕೆ ಊರಿಗೇ ತಗೊಂಡು ಹೋಗಿ, ಬರುವಾಗ ತನ್ನಿ.”

“ಮನೇಲಿ ಕೇಳ್ಬೇಕು,” ಎಂದಳು ಗುರುಶಾಂತಮ್ಮ.

“ಕೇಳಿ, ಕೇಳಿ. ನಾಳೆನೇ ಸೋಮವಾರ. ಬಂದ್ರೆ ಬರ್ತೀರಿ.”

ಅವಳು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೆನಕಪ್ಪ ಬೀದಿಯ ಕೋಣೆಯ ಬಾಗಿಲಲ್ಲಿ ನಿಂತು, ಹೊಸ ಕಂಪ್ಯೂಟರಿಗೆ ಮೇಜು ಎಲ್ಲಿಡಬೇಕೆಂದು ಕೈಯಲ್ಲಿ ಅಳೆಯುತ್ತಿದ್ದ. ಮೂರು ಇಂಗ್ಲಿಷ್ ಮಿಷಿನ್ನುಗಳು ಬಟ್ಟೆ ಹೊದ್ದು ಕೂತಿದ್ದವು.

“ಬಂದ್ಯಾ? ಹೆಂಗಾಯ್ತಂತೆ?”

“ಚೆನ್ನಾಗಾಯ್ತಂತೆ.”

“ನಾಳೆ ಹತ್ತಕ್ಕೆ ವ್ಯಾನ್ ಬರುತ್ತೆ. ಬೆಳಗಿನ ಬ್ಯಾಚು ಮುಗಿದ ಮೇಲೆ ಮಿಷಿನ್ನೆಲ್ಲಾ ಒಂದು ಸಲ ಒರೆಸಿ, ಬೀಗ ಹಾಕಿಡು. ಅವ್ರು ಬಂದಾಗ ತೆಗೆದ್ರಾಯ್ತು. ನಾನು ಸೊಸೈಟಿಯಿಂದ ಬತ್ತೀನಿ.”

“ಹೂಂ.”

ಅವಳು ಕೈಕಾಲು ತೊಳೆದು ಒಲೆ ಹಚ್ಚಿದಳು. ಈಶ್ವರಮ್ಮ ಅವರೆಕಾಳು ನೆನೆಸಿ ಇಟ್ಟಿದ್ದಳು. “ತಡ ಆಯ್ತು ನಿಂಗೆ,” ಎಂದಳಷ್ಟೆ. ದಾಕ್ಷಾಯಿಣಿ ಕಂಪ್ಯೂಟರಿನ ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ತನ್ನ ಪುಸ್ತಕಗಳ ಅಡಿಯಲ್ಲಿ ಇಡುತ್ತಿದ್ದಳು.

“ಅದನ್ನೂ ಕೊಡ್ಬೇಕಂತೆ ಕಣೇ,” ಎಂದ ಬೆನಕಪ್ಪ.

“ಪುಸ್ತಕ ನಂದು,” ಎಂದಳು ಅವಳು.

ಗುರುಶಾಂತಮ್ಮ ಮಗಳನ್ನು ನೋಡಿದಳು. ರೊಟ್ಟಿಯ ಹಿಟ್ಟನ್ನು ದಿನಕ್ಕಿಂತ ಎರಡು ಬೊಗಸೆ ಹೆಚ್ಚು ಹಾಕಿಕೊಂಡಳು.

“ಅಷ್ಟೊಂದು ಯಾಕೆ? ಯಾರಾದ್ರೂ ಬತ್ತಾರಾ?” ಈಶ್ವರಮ್ಮ ಕೇಳಿದಳು.

“ನಾಳೆ ಮಧ್ಯಾಹ್ನಕ್ಕೂ ಇರ್ಲಿ ಅಂತ ಅತ್ತೆ.”

“ವ್ಯಾನಿನೋರಿಗಾ? ಅವ್ರಿಗೆ ಕಾಫಿ ಸಾಕು.”

ಅವಳು ರೊಟ್ಟಿ ತಟ್ಟಿದಳು. ಒಂದೊಂದೇ ತಿರುವಿ, ಬೇಯಿಸಿ, ಬುಟ್ಟಿಗೆ ಹಾಕಿದಳು. ಎಲ್ಲರೂ ಉಂಡರು. ಬೆನಕಪ್ಪ ನೂರಿಪ್ಪತ್ತೆಂಟರ ಬಗ್ಗೆ ಹೇಳುತ್ತಿದ್ದ. ಈಶ್ವರಮ್ಮ ಆಗಾಗ, “ಟೀವಿ ಬಿಡ್ತೀಯೋ ಇಲ್ವೋ, ಅಷ್ಟು ಹೇಳು,” ಎನ್ನುತ್ತಿದ್ದಳು.

ಪಾತ್ರೆ ತೊಳೆದಿಟ್ಟು ಗುರುಶಾಂತಮ್ಮ ಬೀದಿಯ ಕೋಣೆಯ ಚಿಲಕ ನೋಡಲು ಹೋದಳು. ಬೀಗದ ಕೈ ಎಂದಿನಂತೆ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಮನೆಯಲ್ಲಿ ಅದಕ್ಕೆ ಇನ್ನೊಂದು ಕೈ ಇರಲಿಲ್ಲ. ಅವಳು ಅದನ್ನು ತೆಗೆದು, ತಾಳಿಯ ಸರದಲ್ಲಿ ಸದಾ ಸಿಕ್ಕಿಸಿರುತ್ತಿದ್ದ ಪಿನ್ನನ್ನು ಬಿಚ್ಚಿ, ಅದರೊಳಗೆ ಪೋಣಿಸಿ, ಸರವನ್ನು ಸೀರೆಯ ಒಳಗೆ ಬಿಟ್ಟುಕೊಂಡಳು. ಕಬ್ಬಿಣ ಎದೆಗೆ ತಣ್ಣಗೆ ತಗುಲಿತು.

ಬೆಳಗಿನ ಬ್ಯಾಚು ಏಳಕ್ಕೆ ಮುಗಿಯುತ್ತದೆ. ತರೀಕೆರೆಯ ಬಸ್ಸು ಏಳೂಕಾಲಿಗೆ, ವ್ಯಾನು ಹತ್ತಕ್ಕೆ. ಸಂಜೆ ಐದಕ್ಕೆ ಅವಳು ಕ್ಲಾಸಿಗೆ ಬಂದಿರುತ್ತಾಳೆ.

“ಏನೇ ಮಾಡ್ತಿದೀಯ ಅಲ್ಲಿ?” ಪಡಸಾಲೆಯಿಂದ ಬೆನಕಪ್ಪ ಕೇಳಿದ.

“ಏನಿಲ್ಲ,” ಎಂದಳು ಗುರುಶಾಂತಮ್ಮ. “ಚಿಲಕ ಹಾಕ್ತಿದೀನಿ.”